ಕರ್ತನ ಭೋಜನಕ್ಕೆ ಏಳದ ಬೈಬಲಮ್ಮ

ಹೋದ ವಾರ ಹಿಂದೂಪುರದಿಂದ ಮಗಳು ಬಂದಿದ್ದಳು. ಅವಳ ಮಗುವಿಗೆ ಜ್ವರ ಬಿಟ್ಟು ನಾಲಿಗೆ ಕೆಟ್ಟಿತ್ತು, ಏನು ಕೊಟ್ಟರೂ ಉಗಿಯುತ್ತಿತ್ತು. ಮಗಳು ಕಪ್ಪು ಒಣದ್ರಾಕ್ಷಿ ತೊಳೆದು, ಸಣ್ಣ ಪಾತ್ರೆಗೆ ನೀರು ಹಾಕಿ ಒಲೆಯ ಮೇಲಿಟ್ಟಳು. ನಾನು ನಡುಮನೆಯಲ್ಲಿ ಕೂತು ಪೇಪರು ಓದುತ್ತಿದ್ದೆ. ಒಳಗೆ ದ್ರಾಕ್ಷಿ ಉಬ್ಬಿ, ನೀರು ಬಣ್ಣ ತಿರುಗಿ, ವಾಸನೆ ಹೊರಗೆ ಬಂತು... ಸಿಹಿಯೂ ಅಲ್ಲದ, ಹುಳಿಯೂ ಅಲ್ಲದ, ಬೆಲ್ಲ ಸ್ವಲ್ಪ ಸೀದಂಥ ವಾಸನೆ. ಪೇಪರು ಮಡಿಸಿ ಎದ್ದು ಹೋದವಳೇ ಒಲೆ ಆರಿಸಿಬಿಟ್ಟೆ. "ಯಾಕಮ್ಮ, ಇನ್ನೂ ಕುದೀಬೇಕು" ಎಂದಳು ಮಗಳು. ಮತ್ತೆ ನಾನೇ ಒಲೆ ಹಚ್ಚಿಕೊಟ್ಟು ಹಿತ್ತಲಿಗೆ ಹೋಗಿ ನಿಂತೆ.

ಅದು ರಾಯದುರ್ಗದಲ್ಲಿ ಬೈಬಲಮ್ಮನ ಅಡುಗೆಮನೆಯ ವಾಸನೆ.

ನಾನು ಹುಟ್ಟಿ ಬೆಳೆದದ್ದು ರಾಯದುರ್ಗದಲ್ಲಿ. ಕೆಲಸ ಸಿಕ್ಕಿದ್ದು ಮಡಕಶಿರಾ ಕಡೆಯ ಕನ್ನಡ ಮೀಡಿಯಂ ಶಾಲೆಗಳಲ್ಲಿ. ರೊಳ್ಳದಲ್ಲಿ ಕೆಲವು ವರ್ಷ, ಅಮರಾಪುರದಲ್ಲಿ ಕೆಲವು ವರ್ಷ ಪಾಠ ಹೇಳಿ, ಕೊನೆಗೆ ಮಡಕಶಿರಾದಲ್ಲೇ ಮನೆ ಮಾಡಿಕೊಂಡು ರಿಟೈರಾದೆ. ಆದರೆ ನಮ್ಮ ಸಭೆ ಎಂದರೆ ನನಗೆ ಇವತ್ತಿಗೂ ರಾಯದುರ್ಗದ ಬೆಟ್ಟದ ಬುಡದ ಆ ಸಣ್ಣ ಚರ್ಚೇ. ಅರ್ಧ ಜನ ಕನ್ನಡದವರು, ಅರ್ಧ ಜನ ತೆಲುಗಿನವರು. ಒಂದು ಕೀರ್ತನೆ ಕನ್ನಡದಲ್ಲಾದರೆ ಮುಂದಿನದು ತೆಲುಗಿನಲ್ಲಿ. ಯಾರಿಗೂ ಯಾವುದೂ ಅರ್ಥವಾಗದೆ ಉಳಿಯುತ್ತಿರಲಿಲ್ಲ. ಪಾದ್ರಿಯನ್ನು ಎಲ್ಲರೂ ಅಯ್ನೋರು ಎನ್ನುತ್ತಿದ್ದೆವು. ಮನೆಮನೆಗೆ ಹೋಗಿ ಹೆಂಗಸರಿಗೆ ದೇವರ ವಾಕ್ಯ ಓದಿ ಹೇಳುವ, ಕಾಯಿಲೆ ಬಿದ್ದವರ ಪಕ್ಕ ಕೂತು ಪ್ರಾರ್ಥನೆ ಮಾಡುವ ಹೆಂಗಸು ಬೈಬಲಮ್ಮ. ಅವರಿಗೊಂದು ಸ್ವಂತ ಹೆಸರಿದೆ ಎಂದು ನನಗೆ ಗೊತ್ತಾದದ್ದೇ ದೊಡ್ಡವಳಾದ ಮೇಲೆ.

ಅವರು ಕಣೇಕಲ್ಲು ಕಡೆಯವರು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ಸಭೆಯ ಕೆಲಸಕ್ಕೆ ಬಂದವರು. ಸಣ್ಣ ಅಂಚಿನ ಬಿಳಿ ಸೀರೆ, ಹೆಗಲಿಗೊಂದು ಬಟ್ಟೆಯ ಚೀಲ, ಕೈಯಲ್ಲಿ ಮಳೆಯಿರಲಿ ಬಿಸಿಲಿರಲಿ ಒಂದು ಕೊಡೆ. ಆ ಕೊಡೆ ಬಿಸಿಲಿಗಲ್ಲ, ನಾಯಿಗೆ. ನಾಯಿ ಕಂಡರೆ ಅವರ ಜೀವವೇ ಹೋಗುತ್ತಿತ್ತು. "ದೇವರು ಕಾಯ್ತಾನ ಅಂತ ನಮಗ ಹೇಳ್ತೀರಿ, ನೀವು ನೋಡಿದ್ರ ನಾಯಿಗೆ ಹೆದರ್ತೀರಲ್ರಿ" ಎಂದು ನನ್ನ ಅಕ್ಕ ಒಮ್ಮೆ ಛೇಡಿಸಿದ್ದಳು. "ವಾಕ್ಯ ನನಗ ಗೊತ್ತೈತವ್ವ, ನಾಯಿಗೆ ಗೊತ್ತಿಲ್ಲಲ್ಲ" ಎಂದಿದ್ದರು. ಅಯ್ನೋರ ಪ್ರಸಂಗ ಉದ್ದವಾದರೆ ಕೂತಲ್ಲೇ ತೂಕಡಿಸುತ್ತಿದ್ದರು. ಪ್ರಾರ್ಥನೆ ಶುರುವಾಗುವ ಹೊತ್ತಿಗೆ ಸರಿಯಾಗಿ ಕಣ್ಣು ಬಿಟ್ಟು, ಎಲ್ಲರಿಗಿಂತ ಗಟ್ಟಿಯಾಗಿ ಆಮೆನ್ ಅನ್ನುತ್ತಿದ್ದರು.

ತಿಂಗಳ ಮೊದಲ ಭಾನುವಾರ ನಮ್ಮಲ್ಲಿ ಕರ್ತನ ಭೋಜನ. ಒಂದು ಚೂರು ರೊಟ್ಟಿ, ಒಂದು ಗುಟುಕು ದ್ರಾಕ್ಷಾರಸ. ರಾಯದುರ್ಗದಲ್ಲಿ ಆಗ ದ್ರಾಕ್ಷಾರಸವನ್ನು ಯಾರು ತಂದಾರು? ಶನಿವಾರ ಮಧ್ಯಾಹ್ನ ಬೈಬಲಮ್ಮ ಒಣದ್ರಾಕ್ಷಿ ಕುದಿಸಿ, ಕಿವುಚಿ, ತೆಳು ಬಟ್ಟೆಯಲ್ಲಿ ಸೋಸಿ ರಸ ತೆಗೆಯುತ್ತಿದ್ದರು. ದ್ರಾಕ್ಷಿಯ ತೊಟ್ಟು ಬಿಡಿಸುವ ಕೆಲಸ ಅಕ್ಕನದು ಮತ್ತು ನನ್ನದು. ಬಿಡಿಸುತ್ತ ಎಷ್ಟು ತಿನ್ನುತ್ತಿದ್ದೆವೋ ಅವರಿಗೆ ಗೊತ್ತಿತ್ತು. ಬೇಕೆಂದೇ ಆ ಹೊತ್ತಿಗೆ ಒಲೆಯ ಕಡೆ ಮುಖ ತಿರುಗಿಸಿಕೊಂಡು ಕೂರುತ್ತಿದ್ದರು. ಅಕ್ಕನನ್ನು ದೊಡ್ಡಾಕಿ ಎಂದೂ ನನ್ನನ್ನು ಸಣ್ಣಾಕಿ ಎಂದೂ ಕರೆಯುತ್ತಿದ್ದರು. ನನಗೆ ತಲೆ ನೆರೆತ ಮೇಲೂ ಅವರ ಬಾಯಲ್ಲಿ ನಾನು ಸಣ್ಣಾಕಿಯೇ.

ನಮ್ಮ ಸಭೆಯಲ್ಲಿ ಒಂದು ಪದ್ಧತಿ ಇತ್ತು. ಯಾರ ಜೊತೆಗಾದರೂ ಮಾತು ಬಿಟ್ಟವರು ಭೋಜನಕ್ಕೆ ಏಳಬಾರದು. ಮೊದಲು ಹೋಗಿ ಸಮಾಧಾನ ಮಾಡಿಕೊಂಡು ಬರಬೇಕು, ಆಮೇಲೆ ಕರ್ತನ ಮೇಜು. ಹಾಡು ಶುರುವಾದಾಗ ಚಾಪೆಯ ಮೇಲಿದ್ದವರೆಲ್ಲ ಸಾಲಾಗಿ ಎದ್ದು ಮುಂದೆ ಹೋಗಿ ಮೊಣಕಾಲೂರುತ್ತಾರೆ. ಜಗಳವಿದ್ದವರು ಮಾತ್ರ ಖಾಲಿ ಚಾಪೆಯ ಮೇಲೆ ಕೂತಿರುತ್ತಾರೆ. ಯಾರು ಕೂತಿದ್ದಾರೆ ಎಂದು ಇಡೀ ಸಭೆಗೆ ಕಾಣುತ್ತದೆ. ಹೋಗಿ ಬರುವವರು ನೋಡಿಯೂ ನೋಡದ ಹಾಗೆ ನೋಡುತ್ತಾರೆ.

ಇದರ ಮೇಲೆ ಬೈಬಲಮ್ಮ ತಾವೇ ಇನ್ನೊಂದನ್ನು ಸೇರಿಸಿಕೊಂಡಿದ್ದರು. ಯಾರ ಜಗಳವನ್ನು ಬಿಡಿಸಲು ಕೈ ಹಾಕಿದರೋ ಅವರಿಬ್ಬರೂ ಒಟ್ಟಿಗೆ ಮೇಜಿಗೆ ಬರುವವರೆಗೂ ತಾವೂ ಏಳುತ್ತಿರಲಿಲ್ಲ. ಅವರು ಯಾರ ಮನೆಗೇ ಹೋಗಲಿ, ತಪ್ಪು ಯಾರದೆಂದು ಕೇಳುತ್ತಿರಲಿಲ್ಲ. ಮೊರ ಹತ್ತಿರಕ್ಕೆ ಎಳೆದುಕೊಂಡು ಅಕ್ಕಿಯಲ್ಲಿ ಕಲ್ಲು ಆರಿಸುವುದೋ, ಶೇಂಗಾ ಬಿಡಿಸುವುದೋ ಮಾಡುತ್ತ, ಊರ ಸುದ್ದಿಯೆಲ್ಲ ಆಡಿ, ಹೊರಡುವಾಗ ಮಾತ್ರ, "ನಿಮ್ಮ ಸಲುವಾಗಿ ನಾನೂ ಈ ತಿಂಗ್ಳು ಕೂತಿರ್ತೀನವ್ವ" ಎಂದು ಹೇಳಿ ಬರುತ್ತಿದ್ದರು. ನಮ್ಮ ಬೀದಿಯಲ್ಲೇ ಅಣ್ಣತಮ್ಮಂದಿರಿಬ್ಬರು ನಡುಗೋಡೆಯ ವಿಚಾರಕ್ಕೆ ಮುಖ ನೋಡದಷ್ಟು ದೂರವಾಗಿದ್ದರು. ಆ ಭಾನುವಾರ ಖಾಲಿ ಚಾಪೆಯ ಮೇಲೆ ಅವರಿಬ್ಬರೂ, ನಡುವೆ ಬಿಳಿ ಸೀರೆಯ ಬೈಬಲಮ್ಮ. ತಮ್ಮನ ಹೆಂಡತಿ ಮುಂದೆ ಹೋಗಿ ಮೊಣಕಾಲೂರಿದವಳು ತಿರುಗಿ ನೋಡಿ ಅಳುವುದಕ್ಕೆ ಶುರು ಮಾಡಿದಳು. ಮುಂದಿನ ತಿಂಗಳು ಗೋಡೆ ಹಾಗೇ ಇತ್ತು, ಅಣ್ಣತಮ್ಮಂದಿರು ಮಾತ್ರ ಕೂಡಿ ಎದ್ದು ಹೋದರು. ಅವರ ಹಿಂದೆ ಬೈಬಲಮ್ಮ ಎದ್ದರು. ಅವರು ಕೂತಿದ್ದನ್ನು ಬಹಳ ದಿನ ನೋಡುವುದು ಯಾರಿಂದಲೂ ಆಗುತ್ತಿರಲಿಲ್ಲ.

ನನ್ನಿಂದ ಆಯಿತು.

ಮಗಳ ಮದುವೆಯ ಹೊತ್ತಿಗೆ ನಾನು ಮಡಕಶಿರಾದವಳೇ ಆಗಿದ್ದೆ. ಆದರೂ ಅವಳಿಗೆ ದೀಕ್ಷಾಸ್ನಾನವಾದದ್ದು ರಾಯದುರ್ಗದಲ್ಲಿ, ಅಲ್ಲೇ ಮದುವೆಯಾಗಲಿ ಎಂದು ನನ್ನ ಆಸೆ. ನಮ್ಮಲ್ಲಿ ಮದುವೆಗೆ ಮೊದಲು ಮೂರು ಭಾನುವಾರ ಸಭೆಯಲ್ಲಿ ವಿವಾಹ ಪ್ರಕಟಣೆ ಓದಬೇಕು: ಇಂಥವರಿಗೂ ಇಂಥವರಿಗೂ ಮದುವೆ ನಿಶ್ಚಯವಾಗಿದೆ, ಯಾರಿಗಾದರೂ ಅಡ್ಡಿಯಿದ್ದರೆ ತಿಳಿಸಿ ಎಂದು. ಒಂದು ಭಾನುವಾರ ಅಯ್ನೋರು ಊರಲ್ಲಿರಲಿಲ್ಲ, ಓದುವುದು ತಪ್ಪಿಹೋಯಿತು. ಎರಡು ಸಲ ಓದಿದ್ದೀರಲ್ಲ ಅಯ್ನೋರೇ, ಸಾಕು ಬಿಡಿ ಎಂದು ನಾನು ಬೇಡಿಕೊಂಡೆ. ಅವರೂ ಮೆತ್ತಗಿನ ಮನುಷ್ಯರು, ಹೂಂ ಅಂದಿದ್ದರು.

ಅಕ್ಕ ಆಗ ಸಭೆಯ ಹಿರಿಯರಲ್ಲಿ ಒಬ್ಬಳು. ಮನೆಯಲ್ಲಿ ಜೀನ್ಸ್ ಪ್ಯಾಂಟು ಹೊಲಿಯುವ ಮಿಷನ್ನು ಇಟ್ಟುಕೊಂಡು ಒಬ್ಬಳೇ ದುಡಿದು ಮಗಳನ್ನು ಓದಿಸಿದವಳು. ಹೊಲಿಗೆ ಒಂದೆಳೆ ಸೊಟ್ಟಗಾದರೂ ಬಿಚ್ಚಿ ಮತ್ತೆ ಹೊಲಿಯುವ ಸ್ವಭಾವ. ಮದುವೆಯ ಹಿಂದಿನ ದಿನ ಅವಳು ಅಯ್ನೋರ ಹತ್ತಿರ ಹೋಗಿ, ಮೂರನೆಯ ಪ್ರಕಟಣೆ ಇಲ್ಲದೆ ಮದುವೆ ಮಾಡಿದರೆ ನಾಳೆ ಯಾರಾದರೂ ಎತ್ತಿ ಆಡಿಯಾರು, ಹುಡುಗಿಯ ಬಾಳು, ಭಾನುವಾರ ಓದಿಯೇ ಮಾಡಿ ಎಂದಳು. ಅಯ್ನೋರು ಹೆದರಿದರು. ಚಪ್ಪರ ಹಾಕಿ ಆಗಿತ್ತು, ಬೀಗರು ಹಿಂದೂಪುರದಿಂದ ಬಂದು ಇಳಿದಿದ್ದರು. ಮದುವೆ ಮುಂದಕ್ಕೆ ಹೋಯಿತು. "ನಿಮ್ಮ ಮನೆಯವ್ರೇ ತಡೆದ್ರಲ್ಲಮ್ಮ" ಎಂದು ಬೀಗಿತ್ತಿ ನಾಲ್ಕು ಜನರ ಮುಂದೆ ಅಂದು ಹೊರಟುಹೋದಳು.

ನನ್ನ ಕೋಪ ಯಾವತ್ತೂ ಮೂಗಿನ ತುದಿಯಲ್ಲೇ. ನೇರ ಅಕ್ಕನ ಮನೆಗೆ ಹೋದೆ. ಅವಳ ಮಗಳಿಗೆ ಎರಡು ಕಡೆ ಸಂಬಂಧ ಕೂಡಿಬಂದು ತಪ್ಪಿಹೋಗಿತ್ತು. ಆ ಹುಡುಗಿ ಅಲ್ಲೇ ಮಿಷನ್ನಿನ ಮುಂದೆ ಕೂತಿತ್ತು. ಅದನ್ನೂ ನೋಡದೆ, "ನಿನ್ನ ಮಗಳಿಗೆ ಗಂಡು ಸಿಗ್ಲಿಲ್ಲಂತ ನನ್ನ ಮಗಳ ಮದುವಿ ನಿಲ್ಲಿಸಿದೆಲ್ಲ" ಎಂದೆ. ಹುಡುಗಿ ಎದ್ದು ಒಳಗೆ ಹೋಯಿತು. ಮುಂದಿನ ವಾರ ಪ್ರಕಟಣೆ ಓದಿಸಿ ಮದುವೆ ಸುಸೂತ್ರವಾಗಿ ಆಯಿತು. ಅಕ್ಕ ಬರಲಿಲ್ಲ. ನಾನು ಕರೆಯಲೂ ಇಲ್ಲ. ನಿಯಮದ ಪ್ರಕಾರ ಅವಳು ಹೇಳಿದ್ದೇ ಸರಿ ಎಂಬುದು ನನಗೆ ಆಗಲೂ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಕೋಪ ಇಳಿಯಲಿಲ್ಲವೋ ಏನೋ...

ಮದುವೆಯಾದ ಕೆಲವೇ ದಿನಕ್ಕೆ ಬೈಬಲಮ್ಮ ಬಸ್ಸು ಬದಲಿಸಿಕೊಂಡು, ಅರ್ಧ ದಿನ ಕುಲುಕಾಡಿ ಮಡಕಶಿರಾಕ್ಕೆ ಬಂದರು. ಆಗಲೇ ಅವರಿಗೆ ವಯಸ್ಸಾಗಿತ್ತು. ಊಟ ಮಾಡಿದರು, ಹಿತ್ತಲಲ್ಲಿ ನನ್ನ ಜೊತೆ ಕೂತು ಹುಣಸೆಹಣ್ಣು ಬಿಡಿಸಿದರು. ಮದುವೆಯ ಮಾತನ್ನೇ ಎತ್ತಲಿಲ್ಲ. ಚಪ್ಪಲಿ ಮೆಟ್ಟಿಕೊಳ್ಳುವಾಗ, "ನಿನ್ನ ಸಲುವಾಗಿ, ದೊಡ್ಡಾಕಿ ಸಲುವಾಗಿ ನಾ ಕೂತಿರ್ತೀನವ್ವ. ನೀವಿಬ್ರೂ ಕೂಡಿ ಬಂದ ದಿನ ಏಳ್ತೀನಿ" ಎಂದರು. "ಅವಳೇ ಮೊದ್ಲು ಬರ್ಲಿ" ಎಂದೆ ನಾನು. ರಾಯದುರ್ಗದಲ್ಲಿ ಅಕ್ಕನೂ ಇದೇ ಮಾತು ಹೇಳಿ ಕಳಿಸಿದ್ದಳಂತೆ. ಅದನ್ನು ಅವರು ನನಗೆ ಹೇಳಲಿಲ್ಲ, ನನ್ನ ಮಾತನ್ನು ಅವಳಿಗೂ ಹೇಳಲಿಲ್ಲ. ಒಬ್ಬರ ಮಾತು ಇನ್ನೊಬ್ಬರಿಗೆ ದಾಟಿಸುವ ಅಭ್ಯಾಸ ಅವರಿಗಿರಲಿಲ್ಲ.

ಪದ್ಧತಿಯ ಪ್ರಕಾರ ಅಕ್ಕನೂ ನಾನೂ ಭೋಜನಕ್ಕೆ ಏಳಬಾರದಿತ್ತು. ಮಡಕಶಿರಾದ ಸಭೆ ತೀರ ಸಣ್ಣದು, ಒಬ್ಬರ ಮನೆಯ ಪಡಸಾಲೆಯಲ್ಲಿ ಸೇರುತ್ತಿದ್ದದ್ದು. ಅಲ್ಲಿ ನನ್ನ ಜಗಳ ಯಾರಿಗೆ ಗೊತ್ತು? ನಾನು ಪ್ರತಿ ತಿಂಗಳೂ ಎದ್ದು ಹೋಗಿ ಕೈ ಚಾಚಿ ತೆಗೆದುಕೊಂಡೆ. ಟೀಚರು ಕೂತುಬಿಟ್ಟರೆ ಜನ ಏನಂದಾರು? ಅಕ್ಕ ಅಯ್ನೋರ ಮುಂದೆ, ನನ್ನ ಮನಸ್ಸಿನಲ್ಲಿ ಏನೂ ಇಲ್ಲ, ನಾನು ಕ್ಷಮಿಸಿಯಾಗಿದೆ ಎಂದು ಹೇಳಿ ರಾಯದುರ್ಗದಲ್ಲಿ ಎದ್ದು ಹೋಗುತ್ತಿದ್ದಳು. ಜಗಳ ಮುಗಿದಿದೆ ಎಂದು ಎಲ್ಲರೂ ತಿಳಿದರು. ಜಗಳವಾಡಿದವರಿಬ್ಬರೂ ಉಂಡೆವು. ಕೂತವರು ಅವರೊಬ್ಬರೇ. ಶನಿವಾರ ಒಲೆಯ ಮುಂದೆ ಕೂತು ಊರಿಗೆಲ್ಲ ರಸ ಕಾಯಿಸಿ, ಭಾನುವಾರ ಒಂದು ಹನಿಯೂ ಬಾಯಿಗೆ ಹಾಕಿಕೊಳ್ಳದೆ...

ಮತ್ತೊಂದು ಸಲ ಬಂದಾಗ ನಾನು ಏನು ಮಾಡಿದೆ ಎಂಬುದನ್ನು ಯಾರಿಗೂ ಹೇಳಿಲ್ಲ. ಶಾಲೆಯಿಂದ ಆಗ ತಾನೇ ಬಂದಿದ್ದೆ. ಕಿಟಕಿಯಿಂದ ಬೀದಿಯ ತುದಿಯಲ್ಲಿ ಕೊಡೆ ಕಂಡಿತು. ಎದ್ದು ಬಾಗಿಲ ಚಿಲಕ ಹಾಕಿ ಅಡುಗೆಮನೆಯಲ್ಲಿ ಕೂತೆ. ಅವರು ಬಾಗಿಲು ತಟ್ಟಿದರು, ಸಣ್ಣಾಕಿ, ಸಣ್ಣಾಕಿ ಎಂದು ಮೆಲ್ಲಗೆ ಕರೆದರು. ಪಕ್ಕದ ಮನೆಯ ಕಿರಾಣಿ ಅಂಗಡಿಯವರ ಹೆಂಡತಿ ಹೊರಗೆ ಬಂದದ್ದು, ಮಾತಾಡಿದ್ದು ಎಲ್ಲ ಅಡುಗೆಮನೆಯ ಕಿಂಡಿಯಿಂದ ಕೇಳುತ್ತಿತ್ತು.

"ಯಾರ್ ಬೇಕಾಗಿತ್ತಮ್ಮ? ಟೀಚರಮ್ಮ ಒಳಗೇ ಅವ್ರೆ ಕಣಮ್ಮ, ಈಗ್ ತಾನೆ ಬಂದ್ರು."

"ಮಲಗಿರ್ಬೇಕ್ರಿ. ಹುಡುಗರ ಕೂಡ ಒದರಿ ಒದರಿ ದಣಿದಿರ್ತಾಳ. ಎಬ್ಬಿಸಬ್ಯಾಡ್ರಿ" ಎಂದರು ಬೈಬಲಮ್ಮ.

ಪಕ್ಕದ ಮನೆಯವರು ಅವರನ್ನು ತಮ್ಮ ಜಗಲಿಯ ಮೇಲೆ ಕೂರಿಸಿ ಮಜ್ಜಿಗೆ ಕೊಟ್ಟರು. ಹಣೆಗೆ ವಿಭೂತಿ ಇಟ್ಟ ಆ ಮನೆಯಾಕೆಗೂ ಇವರಿಗೂ ಯಾವ ಗುರುತೂ ಇಲ್ಲ. ಇಬ್ಬರೂ ಕೂತು ಶೇಂಗಾ ಬಿಡಿಸುತ್ತ, ಒಬ್ಬರು ರಾಯದುರ್ಗದ ಮಾತಿನಲ್ಲಿ, ಒಬ್ಬರು ಇಲ್ಲಿಯ ಮಾತಿನಲ್ಲಿ ನಗುತ್ತಿದ್ದರು. ಬಸ್ಸಿನ ಹೊತ್ತಾಗುವವರೆಗೂ ನಾನು ಅಡುಗೆಮನೆಯ ನೆಲದ ಮೇಲೇ ಕೂತಿದ್ದೆ. ಕಾಲು ಜೋಮು ಹಿಡಿದರೂ ಏಳಲಿಲ್ಲ, ಪಾತ್ರೆ ಸದ್ದಾದೀತು ಎಂದು. ಅವರು ಹೋದ ಮೇಲೆ ಪಕ್ಕದ ಮನೆಯಾಕೆ ಬಂದು, "ನಾ ಕೂತಿರ್ತೀನಿ ಅಂತ ಹೇಳು ಅಂದ್ರು ಟೀಚರಮ್ಮ. ಎಲ್ಲಿ ಕುಂತಿರ್ತಾರೋ ಕಾಣೆ, ಬಸ್‌ಸ್ಟ್ಯಾಂಡಲ್ಲೇನೋ" ಎಂದರು. ನಾನು ಹೂಂ ಎಂದು ಬಾಗಿಲು ಹಾಕಿಕೊಂಡೆ.

ಮತ್ತೆ ಅವರು ಬರಲಿಲ್ಲ. ಮೊಣಕಾಲು ನೋವು ಹೆಚ್ಚಾಗಿ ಬಸ್ಸು ಹತ್ತುವುದು ಕಷ್ಟವಾಗಿತ್ತಂತೆ.

ರಾಯದುರ್ಗಕ್ಕೆ ಹೊಸ ಅಯ್ನೋರು ಬಂದರು. ಚಿಕ್ಕ ವಯಸ್ಸಿನವರು, ಚುರುಕು, ಎಲ್ಲದರಲ್ಲೂ ಅಚ್ಚುಕಟ್ಟು ಬೇಕೆನ್ನುವವರು. ಬೈಬಲಮ್ಮ ಭೋಜನಕ್ಕೆ ಏಳುವುದಿಲ್ಲ ಎಂಬುದು ಅವರ ಕಣ್ಣಿಗೆ ಬಿತ್ತು. ಮೊದಲೆಲ್ಲ ಬೈಬಲಮ್ಮ ಕೂತರೆ ಜಗಳದವರಿಬ್ಬರೂ ಅದೇ ಚಾಪೆಯ ಮೇಲೆ ಕಾಣುತ್ತಿದ್ದರು, ಕಾರಣ ಊರಿಗೇ ತಿಳಿಯುತ್ತಿತ್ತು. ಈಗ ಅವರೊಬ್ಬರೇ. ಮುದುಕಿಗೆ ಒಳಗೆ ಏನೋ ಬಚ್ಚಿಟ್ಟ ಪಾಪವಿರಬೇಕು ಎಂದು ಯಾರೋ ಒಬ್ಬರು ಅಂದರು. ಅಂದ ಮಾತು ನಿಲ್ಲುತ್ತದೆಯೇ? ಕಣೇಕಲ್ಲಿನಲ್ಲಿ ಗಂಡ ಸತ್ತದ್ದು ಹೇಗೋ ಏನೋ ಎಂಬಲ್ಲಿಯವರೆಗೂ ಹೋಯಿತು. ಮಡಕಶಿರಾದಲ್ಲಿದ್ದ ನನ್ನ ಕಿವಿಗೂ ಬಿತ್ತು. ಹಾಗಲ್ಲ ಎಂದು ಹೇಳಬಲ್ಲವರು ಭೂಮಿಯ ಮೇಲೆ ಇಬ್ಬರೇ ಇದ್ದೆವು. ಇಬ್ಬರೂ ಬಾಯಿಗೆ ಬೀಗ ಹಾಕಿಕೊಂಡಿದ್ದೆವು.

ಆ ವರ್ಷ ಸುಗ್ಗಿ ಹಬ್ಬದ ಆರಾಧನೆಗೆ ನಾನು ರಾಯದುರ್ಗಕ್ಕೆ ಹೋಗಿದ್ದೆ. ಜನ ತಂದ ಭತ್ತ, ಶೇಂಗಾ, ಕುಂಬಳಕಾಯಿ ಮೇಜಿನ ಮುಂದೆ ರಾಶಿ ಬಿದ್ದಿತ್ತು. ಅಕ್ಕ ಹೆಂಗಸರ ಸಾಲಿನ ಆ ತುದಿಯಲ್ಲಿ, ನಾನು ಈ ತುದಿಯಲ್ಲಿ. ಭೋಜನದ ಹಾಡು ಶುರುವಾಯಿತು. ಅಕ್ಕ ಆ ಕಡೆಯಿಂದ ಎದ್ದಳು, ನಾನು ಈ ಕಡೆಯಿಂದ. ಬೈಬಲಮ್ಮ ಕೂತಿದ್ದರು. ನಾನು ಪಕ್ಕದಲ್ಲಿ ಹಾದು ಹೋಗುವಾಗ ಕತ್ತೆತ್ತಿ ನಕ್ಕರು. ಸಿಟ್ಟಿರಲಿಲ್ಲ, ಬೇಸರವೂ ಇರಲಿಲ್ಲ. ಊರಿಂದ ಮಗಳು ಬಂದರೆ ತಾಯಿ ನಗುವ ಹಾಗೆ ನಕ್ಕರು. ನಾನು ಸೆರಗು ಸರಿ ಮಾಡಿಕೊಳ್ಳುವ ನೆವದಲ್ಲಿ ಮುಖ ತಿರುಗಿಸಿದೆ.

ಆರಾಧನೆ ಮುಗಿದ ಮೇಲೆ ಹೊಸ ಅಯ್ನೋರು ಎಲ್ಲರನ್ನೂ ಕೂರಿಸಿಕೊಂಡು ಸಭೆಯ ವಿಚಾರಗಳನ್ನು ಮಾತಾಡಿದರು. ಕೊನೆಗೆ ಬೈಬಲಮ್ಮನ ಕಡೆ ತಿರುಗಿ, ಒರಟಾಗಿಯೇನಲ್ಲ, ಮರ್ಯಾದೆಯಿಂದಲೇ ಕೇಳಿದರು: "ಅಮ್ಮಾ, ನೀವು ಯಾಕ ಭೋಜನಕ್ಕ ಬರಂಗಿಲ್ಲ? ಮನಸ್ಸಿನಾಗ ಏನಾರ ಇದ್ರ ಹೇಳ್ರಿ. ತಾವು ತಗೊಳ್ಳದವ್ರು ರಸ ಕಾಯಿಸೋದು ಸರಿ ಅಲ್ಲಂತ ಹಿರಿಯರು ಅಂತಾರ."

ನಾನು ಅಕ್ಕನ ಕಡೆ ನೋಡಿದೆ. ಅವಳು ನನ್ನ ಕಡೆ ನೋಡುತ್ತಿದ್ದಳು. ಮದುವೆಯ ಗಲಾಟೆಯಾದ ಮೇಲೆ ನಾವು ಕಣ್ಣಿಗೆ ಕಣ್ಣು ಕೊಟ್ಟದ್ದು ಅದೇ ಮೊದಲು. ಇಬ್ಬರಲ್ಲಿ ಯಾರಾದರೂ ಎದ್ದು, ಅವರು ನಮಗಾಗಿ ಕೂತಿದ್ದಾರೆ ಎಂದಿದ್ದರೆ ಮುಗಿದಿತ್ತು. ಅವಳು ಏಳಲಿ ಎಂದು ನಾನು ಕಾದೆ. ನಾನು ಏಳಲಿ ಎಂದು ಅವಳು ಕಾದಳೋ ಏನೋ. ಮೊದಲು ತಲೆ ತಗ್ಗಿಸಿದವಳು ನಾನು.

"ಆತ್ರಿ ಅಯ್ನೋರ" ಎಂದರು ಬೈಬಲಮ್ಮ. ಅಷ್ಟೇ. ರಸ ಕಾಯಿಸುವ ಪಾತ್ರೆ ಮತ್ತು ಸೋಸುವ ಬಟ್ಟೆಯನ್ನು ಮಾರನೆಯ ದಿನವೇ ತೊಳೆದು ಒಣಗಿಸಿ ಅಯ್ನೋರ ಮನೆಗೆ ಮುಟ್ಟಿಸಿದರಂತೆ. ಆಮೇಲೆ ಅಂಗಡಿಯ ಬಾಟಲಿಯ ರಸ ಬರತೊಡಗಿತು. ನಮ್ಮಿಬ್ಬರ ಹೆಸರು ಹೇಳಿದ್ದರೆ ಅವರ ಕೆಲಸ, ಮಾನ ಎರಡೂ ಉಳಿಯುತ್ತಿತ್ತು. ಹೇಳಿದ್ದರೆ ನಾವಿಬ್ಬರೂ ಅಷ್ಟು ಜನರ ಮುಂದೆ ತಲೆಯೆತ್ತದ ಹಾಗೆ ಆಗುತ್ತಿತ್ತು. ಆಗ ನಾವು ಒಂದಾಗುವ ದಾರಿಯೂ ಮುಚ್ಚಿಹೋಗುತ್ತದೆಂದು ಅವರು ತಿಳಿದಿರಬೇಕು. ಇದನ್ನು ನಾನು ಆಗ ಯೋಚಿಸಲಿಲ್ಲ. ಆಗ ನನಗೆ ಅನಿಸಿದ್ದು ಒಂದೇ, ಸದ್ಯ ಬಚಾವಾದೆ ಎಂದು.

ಮತ್ತೆ ಒಂದು ಬೇಸಿಗೆಯ ಮಧ್ಯಾಹ್ನ. ಊಟ ಮಾಡಿ ಮಲಗಿದ್ದೆ. ಫೋನು ಹೊಡೆದುಕೊಂಡಿತು. 'ಅಕ್ಕ ರಾಯದುರ್ಗ' ಎಂದು ಬಂತು. ಅಷ್ಟು ವರ್ಷ ಮಾತು ಬಿಟ್ಟಿದ್ದರೂ ನಂಬರನ್ನು ಅಳಿಸಿರಲಿಲ್ಲ. ಅಂತೂ ಸೋತಳು, ಅವಳೇ ಮೊದಲು ಮಾಡಿದಳು ಎಂದು ಎದೆಯೊಳಗೆ ಒಂದು ಸಣ್ಣ ಖುಷಿಯಾಯಿತು. ಸ್ವಲ್ಪ ಕಾಯಲಿ ಎನಿಸಿತು. ಫೋನು ನಿಂತು ಮತ್ತೆ ಹೊಡೆದುಕೊಂಡಿತು. ದಿಂಬಿನ ಕೆಳಗೆ ತಳ್ಳಿ ಮಗ್ಗುಲು ಬದಲಿಸಿದೆ. ನಾಳೆ ನಾನೇ ಮಾಡೋಣ ಅಂದುಕೊಂಡೆ... ಮಾರನೆಯ ದಿನ ಬೆಳಿಗ್ಗೆ ಫೋನು ಬಂದದ್ದು ಅಯ್ನೋರಿಂದ. ಬೈಬಲಮ್ಮ ತೀರಿಕೊಂಡಿದ್ದರು.

ನಾನು ರಾಯದುರ್ಗ ಮುಟ್ಟುವ ಹೊತ್ತಿಗೆ ಪೆಟ್ಟಿಗೆ ತಂದಿದ್ದರು. ಅಕ್ಕ ಮೂಲೆಯಲ್ಲಿ ಕೂತಿದ್ದಳು. ನನ್ನನ್ನು ಕಂಡು ಪಕ್ಕದಲ್ಲಿ ಜಾಗ ಮಾಡಿಕೊಟ್ಟಳು. ನಡೆದದ್ದನ್ನೆಲ್ಲ ಅವಳೇ ಹೇಳಿದಳು. ಬೈಬಲಮ್ಮ ಹಾಸಿಗೆ ಹಿಡಿದ ಮೇಲೆ ಅಕ್ಕನಿಂದ ತಡೆಯಲಾಗದೆ ಅಯ್ನೋರ ಹತ್ತಿರ ಹೋಗಿ ಎಲ್ಲವನ್ನೂ ಒಪ್ಪಿಕೊಂಡಿದ್ದಳು. ಅಯ್ನೋರು ಕಣ್ಣಲ್ಲಿ ನೀರು ತಂದುಕೊಂಡು, ಅದೇ ಮಧ್ಯಾಹ್ನ ರೊಟ್ಟಿ ಮತ್ತು ರಸ ತೆಗೆದುಕೊಂಡು ಅವರ ಮನೆಗೇ ಹೋಗಿದ್ದರು. ಬೈಬಲಮ್ಮ ಎದ್ದು ಕೂತು, "ಸಣ್ಣಾಕಿ ಬಂದಾಳೇನು?" ಎಂದು ಕೇಳಿದರಂತೆ. ಅಕ್ಕ ನನಗೆ ಫೋನು ಮಾಡಿದ್ದು ಆಗ, ಅವರ ಮಂಚದ ಪಕ್ಕದಿಂದಲೇ. ನಾನು ಎತ್ತಲಿಲ್ಲ. "ಬರ್ತಾಳ ತಗಳ್ರಿ" ಎಂದು ಅಕ್ಕ ಸಮಾಧಾನ ಹೇಳಿದಾಗ, "ಹಂಗಾದ್ರ ಬರ್ಲಿ, ಕೂಡೇ ತಗಳ್ಳೋಣು" ಎಂದರಂತೆ. ರೊಟ್ಟಿಯನ್ನೂ ಬಟ್ಟಲನ್ನೂ ಸ್ಟೂಲಿನ ಮೇಲೆ ಬಿಳಿ ಬಟ್ಟೆ ಮುಚ್ಚಿ ಇಟ್ಟಿದ್ದರು. ಅದು ಹಾಗೇ ಇತ್ತು.

"ಫೋನಿಗೆ ಚಾರ್ಜು ಇರ್ಲಿಲ್ಲೇನು?" ಎಂದು ಕೇಳಿದಳು ಅಕ್ಕ.

"ಹೂಂ, ಇರ್ಲಿಲ್ಲ" ಎಂದೆ.

ಅವಳು ನಂಬಿದಳೋ, ನನಗೊಂದು ದಾರಿ ಮಾಡಿಕೊಟ್ಟಳೋ ಇವತ್ತಿಗೂ ಗೊತ್ತಿಲ್ಲ. ಮುಂದಿನ ಭೋಜನದ ಭಾನುವಾರ ನಾವಿಬ್ಬರೂ ಒಟ್ಟಿಗೆ ಎದ್ದು ಹೋಗಿ ಅಕ್ಕಪಕ್ಕ ಮೊಣಕಾಲೂರಿದೆವು. ಸಭೆಯವರೆಲ್ಲ ನೋಡಿದರು, ಕೆಲವರು ಅತ್ತರು. ನೋಡಬೇಕಾಗಿದ್ದವರು ನೋಡಲಿಲ್ಲ. ಈಗ ಅಕ್ಕ ದಿನಾ ಸಂಜೆ ಫೋನು ಮಾಡುತ್ತಾಳೆ. ಅವಳ ಮಗಳಿಗೂ ಮದುವೆಯಾಗಿ ಮಕ್ಕಳಾಗಿವೆ. ಆ ಹುಡುಗಿಯ ಹತ್ತಿರ ಕ್ಷಮೆ ಕೇಳಿದೆ, "ಬಿಡು ಚಿಗವ್ವ, ಹಳೇ ಮಾತು" ಎಂದಳು. ಎಲ್ಲರೂ ಬಿಟ್ಟಿದ್ದಾರೆ. ಬಿಡು ಎನ್ನಬೇಕಾದ ಒಬ್ಬರ ಹತ್ತಿರ ಮಾತ್ರ ಕೇಳುವ ಹಾಗಿಲ್ಲ.

ಇಷ್ಟಾದರೂ ನಾನು ಕಲಿತೆ ಎಂದುಕೊಂಡಿದ್ದೆ. ಹೋದ ತಿಂಗಳು ನಮ್ಮ ಮಡಕಶಿರಾ ಸಭೆಯಲ್ಲಿ ವಾರಗಿತ್ತಿಯರಿಬ್ಬರು ಮಾತು ಬಿಟ್ಟರು. ಭೋಜನದ ಮೇಜಿಗೆ ಹಾಸುವ ಬಟ್ಟೆ ಒಗೆಯುವ ಸರದಿಯಿಂದ ಶುರುವಾದದ್ದು ಮನೆ ಪಾಲಾಗುವವರೆಗೂ ಬೆಳೆದಿತ್ತು. ನಾನು ಇಬ್ಬರ ಮನೆಗೂ ಹೋದೆ. ತಪ್ಪು ಯಾರದೆಂದು ಕೇಳಲಿಲ್ಲ. ಅವರೇಕಾಯಿ ಸುಲಿದುಕೊಟ್ಟೆ. ಬರುವಾಗ ಇಬ್ಬರಿಗೂ, ನೀವು ಕೂಡಿ ಬರುವವರೆಗೂ ನಾನೂ ಏಳುವುದಿಲ್ಲ ಎಂದು ಹೇಳಿ ಬಂದೆ. ದಾರಿಯುದ್ದಕ್ಕೂ ಹಗುರವೆನಿಸಿತ್ತು. ಬೈಬಲಮ್ಮನಿಗೆ ನಾನು ತೀರಿಸಬೇಕಾದದ್ದರಲ್ಲಿ ಸ್ವಲ್ಪವಾದರೂ ತೀರುತ್ತದೆ ಎಂದುಕೊಂಡಿದ್ದೆ.

ಮೊನ್ನೆ ಭಾನುವಾರ ಭೋಜನದ ಹಾಡು ಶುರುವಾಯಿತು. ಎಲ್ಲರೂ ಎದ್ದರು. ಆ ಕಡೆ ಗೋಡೆಗೆ ಒಬ್ಬಳು, ಈ ಕಡೆ ಬಾಗಿಲಿಗೆ ಒಬ್ಬಳು, ನಡುವೆ ನಾನು ಕೂತೆವು. ಚಾಪೆ ಇಷ್ಟು ಅಗಲವಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಹಾದು ಹೋದ ಒಬ್ಬಾಕೆ ಬಗ್ಗಿ, "ಯಾಕ್ ಟೀಚರಮ್ಮ, ಏಳಲ್ವಾ? ನಿಮಗೇನಾಗೈತೆ?" ಎಂದು ಪಿಸುಗುಟ್ಟಿದಳು. ನಾನು ಪಾಠ ಹೇಳಿದ ಹುಡುಗನೊಬ್ಬ, ಈಗ ಹೆಂಡತಿ ಮಕ್ಕಳೊಂದಿಗನಾದವನು, ತಿರುಗಿ ತಿರುಗಿ ನೋಡಿದ. ಮುಂದಿನಿಂದ ಪಾಸ್ಟರು ಬಟ್ಟಲು ಹಿಡಿದುಕೊಂಡೇ ನನ್ನ ಕಡೆ ಹುಬ್ಬೇರಿಸಿದರು. ಕಿವಿ ಬಿಸಿಯಾಯಿತು. ಎಲ್ಲರೂ ಏನೇನು ಅಂದುಕೊಳ್ಳುತ್ತಿದ್ದಾರೋ ಎನಿಸಿತು. ಯಾವಾಗ ಎದ್ದೆನೋ ನನಗೇ ತಿಳಿಯದು, ಸಾಲಿನ ಕೊನೆಯಲ್ಲಿ ಹೋಗಿ ಮೊಣಕಾಲೂರಿ ಕೈ ಚಾಚಿದ್ದೆ.

ತಿರುಗಿ ಬರುವಾಗ ವಾರಗಿತ್ತಿಯರಿಬ್ಬರೂ ಇದ್ದಲ್ಲೇ ಕೂತು ನನ್ನನ್ನೇ ನೋಡುತ್ತಿದ್ದರು. ಹಾಡಿನ ಕೊನೆಯ ಚರಣ ಇನ್ನೂ ಉಳಿದಿತ್ತು. ಬೈಬಲಮ್ಮನನ್ನು ವರ್ಷಗಟ್ಟಲೆ ಚಾಪೆಯ ಮೇಲೆ ಕೂರಿಸಿದವಳಿಗೆ, ಒಂದು ಹಾಡು ಮುಗಿಯುವವರೆಗೆ ಕೂರುವುದಕ್ಕಾಗಲಿಲ್ಲ.